ಪಾದರಸದ ನಿವೃತ್ತಿಯೂ ಬಡವನ ಹಲ್ಲೂ

ಹುಳುಕು ಹಲ್ಲಿಗೆ ತುಂಬುವ ಬೆಳ್ಳಿಬಣ್ಣದ ಮಿಶ್ರಲೋಹದ ಬಳಕೆಯನ್ನು 2034ರ ಹೊತ್ತಿಗೆ ಲೋಕದಲ್ಲೆಲ್ಲ ಕೊನೆಗಾಣಿಸತಕ್ಕದ್ದೆಂದು, 2025ರ ನವೆಂಬರಿನಲ್ಲಿ ಜಿನೀವಾ ನಗರದಲ್ಲಿ ನೆರೆದ ಮಿನಮಾಟಾ ಒಡಂಬಡಿಕೆಯ ರಾಷ್ಟ್ರಗಳು ನಿರ್ಧರಿಸಿದುವು. ರಾಜಕಾರಣದ ಗದ್ದಲದ ನಡುವೆ ಈ ವಾರ್ತೆಯು ಹೆಚ್ಚಿನವರ ಕಣ್ಣಿಗೆ ಬಿದ್ದಂತೆ ತೋರಲಿಲ್ಲ. ಹಲ್ಲಿನ ಮಾತು ದಂತವೈದ್ಯರಿಗೆ ಸೇರಿದ್ದು, ಪತ್ರಿಕೆಯ ಅಗ್ರಲೇಖನಕ್ಕೆ ತಕ್ಕುದಲ್ಲವೆಂದು ಕೆಲವು ವಾಚಕರು ನಗಲೂಬಹುದು. ಆದರೆ ಈ ನಿರ್ಧಾರದ ಫಲವನ್ನು ಅನುಭವಿಸತಕ್ಕವರು ವೈದ್ಯರಿಗಿಂತ ಹೆಚ್ಚಾಗಿ, ತಾಲೂಕು ಆಸ್ಪತ್ರೆಯ ಬೆಂಚಿನ ಮೇಲೆ ದವಡೆಗೆ ಕೈಹಚ್ಚಿ ಕುಳಿತಿರುವ ಬಡಜನರು. ಅವರ ಪಕ್ಷವಾಗಿ ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ವೈದ್ಯರು ‘ಅಮಾಲ್ಗಮ್’ ಎಂದೂ ಜನರು ‘ಬೆಳ್ಳಿ ತುಂಬಿಸುವುದು’ ಎಂದೂ ಕರೆಯುವ ಈ ಪದಾರ್ಥದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾದರಸ. ಉಳಿದುದು ಬೆಳ್ಳಿ, ತವರ, ತಾಮ್ರಗಳ ಪುಡಿ. ಎರಡನ್ನೂ ಕಲಸಿದರೆ ಮೆತ್ತಗಾಗಿ ತೂತಿನಲ್ಲಿ ಒತ್ತಿ ತುಂಬಲು ಒದಗುತ್ತದೆ. ಕೆಲವು ಗಂಟೆಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದು ಅಗ್ಗವಾದುದು, ಬಾಯಿಯ ತೇವಕ್ಕೆ ಅಂಜದು, ಕೈಕೆಲಸದಲ್ಲಿ ಸ್ವಲ್ಪ ಕುಂದಿದ್ದರೂ ವರ್ಷಾನುಗಟ್ಟಲೆ ನಿಲ್ಲುತ್ತದೆ. ಸಾಮಾನ್ಯನ ಹಲ್ಲನ್ನು ಇಕ್ಕುಳದ ಬಾಯಿಂದ ಉಳಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಇದಕ್ಕೆ ಸಲ್ಲತಕ್ಕದ್ದು.

ಇದರ ಮೇಲಿನ ವಿವಾದ ಹೊಸದಲ್ಲ. 1833ರಲ್ಲಿ ಕ್ರಾಕೂರ್ ಸೋದರರು ಇದನ್ನು ಅಮೇರಿಕಕ್ಕೆ ತಂದಾಗ ಅಲ್ಲಿಯ ವೈದ್ಯರಲ್ಲಿ ಕೋಲಾಹಲವೆದ್ದಿತು. 1840ರಲ್ಲಿ ಸ್ಥಾಪಿತವಾದ ಅಲ್ಲಿಯ ಶಸ್ತ್ರದಂತವೈದ್ಯರ ಸಂಘವು, ಪಾದರಸವನ್ನು ಮುಟ್ಟುವುದಿಲ್ಲವೆಂದು ತನ್ನ ಸದಸ್ಯರಿಂದ ಪ್ರತಿಜ್ಞೆ ಮಾಡಿಸಿತು. ವಾದ ಪ್ರತಿವಾದಗಳಲ್ಲಿ 1856ರ ವೇಳೆಗೆ ಸಂಘವೇ ಮುರಿದುಬಿದ್ದಿತು. ಪಾದರಸ ಮಾತ್ರ ಉಳಿಯಿತು. ಪ್ರತಿಜ್ಞೆಯಿಂದ ಇತ್ಯರ್ಥವಾಗದ ಪ್ರಶ್ನೆಯನ್ನು ಜಿ. ವಿ. ಬ್ಲ್ಯಾಕರು ಪ್ರಯೋಗಶಾಲೆಗೆ ಒಯ್ದರು. ಯಾವ ಲೋಹ ಎಷ್ಟು ಪ್ರಮಾಣದಲ್ಲಿದ್ದರೆ ತುಂಬಿದ್ದು ಹಿಗ್ಗದೆ ಕುಗ್ಗದೆ ನಿಲ್ಲುವುದೆಂಬುದನ್ನು ಅವರು ಅಳೆದು ನೋಡಿ, 1895ರ ಸುಮಾರಿಗೆ ಭದ್ರವಾದ ಪಾಕವನ್ನು ಕೊಟ್ಟರು. ಮುಂದೆ 1926ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕರು, ಪಾದರಸದ ಆವಿಯಿಂದ ತಾವೇ ಕಾಯಿಲೆ ಬಿದ್ದ ಅನುಭವದಿಂದ, ಲೋಕವನ್ನು ಮತ್ತೆ ಎಚ್ಚರಿಸಿದರು. ಪಕ್ಷ ಕಟ್ಟಿ ಕೂಗುವುದರಿಂದಲ್ಲ, ಅಳೆದು ತೂಗುವುದರಿಂದಲೇ ಸತ್ಯ ಹೊರಬರುವುದೆಂಬುದಕ್ಕೆ ಈ ಚರಿತ್ರೆ ಸಾಕ್ಷಿ.

ಹಾಗಾದರೆ ಬಾಯಲ್ಲಿರುವ ಪಾದರಸವು ವಿಷವೇ? ಎರಡು ದೀರ್ಘ ಪರೀಕ್ಷೆಗಳ ಫಲಿತಾಂಶಗಳು 2006ರಲ್ಲಿ ಪ್ರಕಟವಾದುವು. ಅಮೇರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ 534 ಮಕ್ಕಳನ್ನು 5 ವರ್ಷವೂ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ 507 ಮಕ್ಕಳನ್ನು 7 ವರ್ಷವೂ ವೈದ್ಯರು ಕಾದು ನೋಡಿದರು. ಕೆಲವರಿಗೆ ಬೆಳ್ಳಿಮಿಶ್ರವನ್ನು, ಕೆಲವರಿಗೆ ಹಲ್ಲಿನ ಬಣ್ಣದ ರಾಳವನ್ನು ತುಂಬಿದ್ದರು. ಬೆಳ್ಳಿಮಿಶ್ರ ತುಂಬಿಸಿಕೊಂಡ ಮಕ್ಕಳ ಮೂತ್ರದಲ್ಲಿ ಪಾದರಸ ಸ್ವಲ್ಪ ಹೆಚ್ಚಾಗಿ ಕಂಡುಬಂದರೂ, ಬುದ್ಧಿಶಕ್ತಿಯಲ್ಲಿಯಾಗಲಿ, ನೆನಪಿನಲ್ಲಿಯಾಗಲಿ, ನರಗಳ ಕಾರ್ಯದಲ್ಲಿಯಾಗಲಿ ಎರಡು ಗುಂಪುಗಳಿಗೆ ಭೇದ ಕಾಣಲಿಲ್ಲ. ಆದುದರಿಂದ, ಗಟ್ಟಿಯಾಗಿ ನಿಂತಿರುವ ಹಳೆಯ ತುಂಬಿಕೆಗಳನ್ನು ಭಯದಿಂದ ಕೀಳಿಸಲು ಓಡಬೇಕಾದ ಕಾರಣವಿಲ್ಲ. ಕೊರೆದು ತೆಗೆಯುವಾಗಲೇ ಆವಿ ಹೆಚ್ಚಾಗಿ ಏಳುತ್ತದೆ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಮತ್ತು 15 ವರ್ಷಕ್ಕೆ ಕೆಳಗಿನ ಮಕ್ಕಳ ಹಲ್ಲಿಗೆ, ವೈದ್ಯರು ಅಗತ್ಯವೆಂದು ಕಂಡಲ್ಲದೆ, ಇದನ್ನು ತುಂಬಬಾರದೆಂದು ಒಡಂಬಡಿಕೆಯ ರಾಷ್ಟ್ರಗಳು 2022ರಲ್ಲಿ ಗೊತ್ತುಮಾಡಿದುದು ವಿವೇಕದ ಎಚ್ಚರಿಕೆ.

ಇಷ್ಟಾದರೂ ನಿಷೇಧವೇಕೆಂದರೆ, ಅಪಾಯವು ಬಾಯೊಳಗಿಗಿಂತ ಹೊರಗೇ ಹೆಚ್ಚು. ಜಪಾನಿನ ಮಿನಮಾಟಾ ಕೊಲ್ಲಿಗೆ ಕಾರ್ಖಾನೆಯೊಂದು ಹರಿಯಬಿಟ್ಟ ಪಾದರಸವು ಮೀನನ್ನು ಸೇರಿ, ಮೀನಿನಿಂದ ಬೆಸ್ತರ ಮಕ್ಕಳ ನರಗಳನ್ನು ಸೇರಿತು. 1956ರಲ್ಲಿ ಗೊತ್ತಾದ ಆ ರೋಗದ ಊರ ಹೆಸರನ್ನೇ 2013ರ ಒಡಂಬಡಿಕೆಗೆ ಇಟ್ಟರು. ನಮ್ಮ ದೇಶವೂ 2018ರಲ್ಲಿ ಅದನ್ನು ಅಂಗೀಕರಿಸಿದೆ. ದಂತಚಿಕಿತ್ಸಾಲಯದ ಬೋಗುಣಿಯಲ್ಲಿ ಉಗುಳಿದ ಚೂರುಗಳು ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತವೆ. ಪಾದರಸವು 357 ಡಿಗ್ರಿ ಉಷ್ಣದಲ್ಲಿಯೇ ಕುದಿದು ಆವಿಯಾಗುವುದರಿಂದ, ಶವದ ಬಾಯಲ್ಲಿದ್ದುದು ಚಿತೆಯ ಬೆಂಕಿಯಲ್ಲಿ ಗಾಳಿಗೆ ಸೇರುತ್ತದೆ. ದಹನಸಂಸ್ಕಾರವೇ ಹೆಚ್ಚಾಗಿರುವ ನಮ್ಮ ನಾಡಿಗೆ ಇದು ದೂರದ ಮಾತಲ್ಲ. ಆದುದರಿಂದ ಪಾದರಸವು ನಿವೃತ್ತವಾಗಲೆಂಬುದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ.

ನಮ್ಮ ಪ್ರಶ್ನೆ ಬೇರೆ: ಅದರ ಸ್ಥಾನಕ್ಕೆ ಬರುವುದು ಯಾವುದು, ಅದರ ಬೆಲೆಯನ್ನು ತೆರುವವರು ಯಾರು? ಧನಿಕ ರಾಷ್ಟ್ರಗಳ ಉತ್ತರ ಸಿದ್ಧವಾಗಿದೆ. ಬ್ಯೂನೊಕೋರರು 1955ರಲ್ಲಿ ಆಮ್ಲದಿಂದ ಹಲ್ಲಿನ ಮೈಯನ್ನು ಒರಟಾಗಿಸುವ ಕ್ರಮವನ್ನು ತೋರಿಸಿಕೊಟ್ಟರು. ರಾಫೆಲ್ ಬೋವೆನ್ನರು 1962ರಲ್ಲಿ ಹೊಸ ರಾಳಕ್ಕೆ ಪೇಟೆಂಟ್ ಪಡೆದರು. ಇವೆರಡರಿಂದ ಬೆಳೆದ ಕಾಂಪೊಸಿಟ್ ನೋಡಲು ಅಂದ, ಹಲ್ಲನ್ನು ಹೆಚ್ಚು ಕೊರೆಯಬೇಕಾಗಿಲ್ಲ. ಆದರೆ ಅದಕ್ಕೆ ವಿದ್ಯುತ್ ದೀಪ ಬೇಕು, ಎಂಜಲು ಸೋಕದ ಒಣಗಿದ ಹಲ್ಲು ಬೇಕು, ಪದರಪದರವಾಗಿ ತುಂಬುವ ತಾಳ್ಮೆಯೂ ಸಮಯವೂ ಹಣವೂ ಬೇಕು. ಲಿಸ್ಬನ್ನಿನ ಅದೇ ಮಕ್ಕಳಲ್ಲಿ 7 ವರ್ಷಗಳ ಕೊನೆಗೆ ಬೆಳ್ಳಿಮಿಶ್ರದ ತುಂಬಿಕೆಗಳಲ್ಲಿ ನೂರಕ್ಕೆ 94.4 ಉಳಿದುವು, ರಾಳದವುಗಳಲ್ಲಿ 85.5 ಮಾತ್ರ. ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವ ಸಂಭವವೂ ರಾಳದಲ್ಲಿ ಹಲವು ಪಟ್ಟು ಹೆಚ್ಚಾಗಿತ್ತು. ತುಂಬಿದ್ದು ಬಿದ್ದರೆ ಮರುದಿನವೇ ವೈದ್ಯನ ಬಾಗಿಲಿಗೆ ಹೋಗಬಲ್ಲವನಿಗೆ ಈ ಅಂತರ ಸಣ್ಣದು. ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಬರಬೇಕಾದವನಿಗೆ ಅದು ಹಲ್ಲಿನ ಅಳಿವು ಉಳಿವಿನ ಅಂತರ. ಅಗ್ಗದ ತುಂಬಿಕೆ ನಿಂತುಹೋಗಿ, ದುಬಾರಿಯದು ಕೈಗೆಟುಕದೆ ಹೋದರೆ, ಬಡವನಿಗೆ ಉಳಿಯುವ ಚಿಕಿತ್ಸೆ ಒಂದೇ: ಕೀಳಿಸುವುದು!

ಸುದೈವದಿಂದ ಬೇರೆ ದಾರಿಗಳೂ ಇವೆ. ಲಂಡನ್ನಿನ ಸರಕಾರೀ ರಸಾಯನಶಾಲೆಯಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬುವರು 1969ರ ಸುಮಾರಿಗೆ ಕಂಡುಹಿಡಿದ ಗ್ಲಾಸ್ ಅಯೊನೊಮರ್ ಸಿಮೆಂಟು ಹಲ್ಲಿಗೆ ತಾನಾಗಿ ಅಂಟಿಕೊಂಡು, ಹುಳುಕನ್ನು ತಡೆಯುವ ಫ್ಲೋರೈಡನ್ನು ಮೆಲ್ಲಮೆಲ್ಲನೆ ಬಿಡುತ್ತದೆ. ದೀಪದ ಹಂಗಿಲ್ಲದೆ ಗಟ್ಟಿಯಾಗುತ್ತದೆ. 1980ರ ದಶಕದಲ್ಲಿ ಟಾಂಜಾನಿಯದಲ್ಲಿ ಫ್ರೆಂಕನ್ ಮೊದಲಾದವರು, ಕೊರೆಯುವ ಯಂತ್ರವಿಲ್ಲದೆ ಕೈಯುಪಕರಣಗಳಿಂದಲೇ ಕೊಳೆತ ಭಾಗವನ್ನು ಕೆರೆದು ಈ ಬಗೆಯ ಸಿಮೆಂಟನ್ನು ತುಂಬುವ ಕ್ರಮವನ್ನು ರೂಢಿಗೆ ತಂದರು. ಜಪಾನಿನಿಂದ ಬಂದ ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರವವನ್ನು ಸವರಿದರೆ ಹುಳುಕು ನಿಲ್ಲುತ್ತದೆ, ಆ ಜಾಗ ಕಪ್ಪಾಗುತ್ತದೆ. ಈ ದ್ರವವನ್ನೂ ಸಿಮೆಂಟನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ದೋಷಗಳಿಲ್ಲದಿಲ್ಲ: ದವಡೆಹಲ್ಲಿನ ದೊಡ್ಡ ತೂತುಗಳಲ್ಲಿ ಸಿಮೆಂಟು ಸವೆಯುತ್ತದೆ, ಒಡೆಯುತ್ತದೆ, ಮಗುವಿನ ಮುಂದಿನ ಹಲ್ಲು ಕಪ್ಪಾಗುವುದನ್ನು ಯಾವ ತಾಯಿಯೂ ಇಷ್ಟಪಡಲಾರಳು.

ಇಲ್ಲಿಯೇ ನಮ್ಮವರು ಮಾಡತಕ್ಕ ಕಾರ್ಯವಿದೆ. ಲಿಸ್ಬನ್ನಿನ ಮಗುವು ಅಡಕೆ ಅಗಿಯುವುದಿಲ್ಲ. ಕೋಲಾರ, ಪಾವಗಡಗಳ ಫ್ಲೋರೈಡ್ ತುಂಬಿದ ಬಾವಿನೀರು ಕುಡಿದು ಕಲೆಗಟ್ಟಿದ ಹಲ್ಲುಗಳು ಆ ಪರೀಕ್ಷೆಯಲ್ಲಿರಲಿಲ್ಲ. ಅಂತಹ ಹಲ್ಲಿನ ಮೈ ಆಮ್ಲಕ್ಕೆ ಸುಲಭವಾಗಿ ಮಣಿಯದೆಂಬುದು ವೈದ್ಯರಿಗೆ ತಿಳಿದ ವಿಷಯ. ಅದರ ಮೇಲೆ ರಾಳವು ಎಷ್ಟು ವರ್ಷ ನಿಲ್ಲುವುದು? ಎಲೆಯಡಕೆಯಿಂದ ಸವೆದ ದವಡೆಹಲ್ಲಿನಲ್ಲಿ ಸಿಮೆಂಟು ಎಷ್ಟು ಕಾಲ ಬಾಳುವುದು? ಇವಕ್ಕೆ ಉತ್ತರವನ್ನು ಹೊರದೇಶದ ವರ್ತಕರ ಬಣ್ಣದ ಪುಸ್ತಿಕೆಗಳಲ್ಲಿ ಹುಡುಕಿ ಫಲವಿಲ್ಲ. ದಂತವೈದ್ಯ ಕಾಲೇಜುಗಳು ದೇಶದಲ್ಲೇ ಹೆಚ್ಚಾಗಿರುವ ರಾಜ್ಯಗಳಲ್ಲಿ ನಮ್ಮದೊಂದು. ದಿನವೂ ಅಲ್ಲಿ ಹಲ್ಲು ತುಂಬಿಸಿಕೊಳ್ಳುವ ಬಡ ರೋಗಿಗಳ ಹೆಸರು, ಹಲ್ಲು, ತುಂಬಿದ ವಸ್ತು, ಅದು ಬಿದ್ದ ದಿನ, ಇಷ್ಟನ್ನು ಒಂದು ವಹಿಯಲ್ಲಿ ಬರೆದಿಟ್ಟು ವರ್ಷವರ್ಷವೂ ಕರೆದು ನೋಡಿದರೆ, ಹತ್ತು ವರ್ಷಗಳಲ್ಲಿ ಲೋಕವೇ ಓದತಕ್ಕ ಗ್ರಂಥವಾಗುವುದು. ಪಾದರಸವಿಲ್ಲದ ಉತ್ತಮ ವಸ್ತುಗಳ ಸಂಶೋಧನೆಗೆ ಉತ್ತೇಜನ ಕೊಡುವುದು ಒಡಂಬಡಿಕೆಯೇ ಸೂಚಿಸಿರುವ ಕ್ರಮಗಳಲ್ಲೊಂದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹಲ್ಲಿಗೆ ತುಂಬುವ ರಾಳದ ಬಗ್ಗೆ ಸಂಶೋಧನೆ ನಡೆದಿರುವುದು, ಈ ಕೆಲಸ ನಮ್ಮವರ ಕೈಗೆ ಮೀರಿದುದಲ್ಲವೆಂಬುದಕ್ಕೆ ಪ್ರಮಾಣ.

ಸರಕಾರದವರಿಗೂ ನಮ್ಮ ವಿಜ್ಞಾಪನೆಯಿದೆ. ಬದಲಿ ವಸ್ತುವು ತಾಲೂಕು ಆಸ್ಪತ್ರೆಯ ಉಗ್ರಾಣವನ್ನು ಮುಟ್ಟುವ ಮುನ್ನವೇ ಹಳೆಯದನ್ನು ಕಾಗದದ ಆಜ್ಞೆಯಿಂದ ನಿಲ್ಲಿಸಬಾರದು. ಚಿಕಿತ್ಸಾಲಯಗಳ ಬೋಗುಣಿಯಲ್ಲಿ ಪಾದರಸದ ಚೂರುಗಳನ್ನು ಹಿಡಿದಿಡುವ ಏರ್ಪಾಡು ಈಗಲೇ ಆಗತಕ್ಕದ್ದು. ಎಲ್ಲಕ್ಕಿಂತ ಮೇಲಾಗಿ, ತುಂಬಿಸುವ ಪ್ರಸಂಗವೇ ಬಾರದಂತೆ ಶಾಲೆಗಳಲ್ಲಿ ಹಲ್ಲುಜ್ಜುವ ಶಿಕ್ಷಣವೂ, ಮಕ್ಕಳ ಕೈಯಿಂದ ಸಕ್ಕರೆಯ ತಿನಿಸುಗಳನ್ನು ದೂರವಿಡುವ ಪ್ರಯತ್ನವೂ ನಡೆಯಬೇಕು. ಹಲ್ಲು ಬಾಯಿಗಳ ರೋಗವು ಲೋಕದಲ್ಲಿ ಸುಮಾರು 350 ಕೋಟಿ ಜನರನ್ನು ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ವರದಿ ಮಾಡಿತು. ಅಷ್ಟು ಬಾಯಿಗಳನ್ನು ತುಂಬಿಯೇ ಪೂರೈಸಬಲ್ಲ ರಾಷ್ಟ್ರ ಯಾವುದೂ ಇಲ್ಲ.

2014ರಲ್ಲಿ ಕರ್ನಾಟಕ ಸರಕಾರವು ‘ದಂತಭಾಗ್ಯ’ವೆಂಬ ಯೋಜನೆಯನ್ನು ತೆಗೆದು, ಬಡ ವೃದ್ಧರಿಗೆ ಕಟ್ಟುಹಲ್ಲುಗಳನ್ನು ಉಚಿತವಾಗಿ ಕೊಡಿಸಲು ಆರಂಭಿಸಿತು, ಅದು ಪುಣ್ಯದ ಕಾರ್ಯ. ಆದರೆ ಹಲ್ಲೆಲ್ಲ ಹೋದ ಮೇಲೆ ಬರುವ ಭಾಗ್ಯಕ್ಕಿಂತ, ಇರುವ ಹಲ್ಲನ್ನು ಉಳಿಸುವ ಭಾಗ್ಯವು ದೊಡ್ಡದು. ಕಡಲೆಯಿದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆಯಿಲ್ಲವೆಂದು ನಮ್ಮ ಹಿರಿಯರು ವಿಧಿಯನ್ನು ನೊಂದು ನುಡಿದರು. ಕಡಲೆಯ ಮಾತು ಹೇಗೋ, ಹಲ್ಲಿನ ಮಾತನ್ನಾದರೂ ವಿಧಿಯ ಪಾಲಿಗೆ ಬಿಡಬೇಕಾದ ಕಾಲ ಕಳೆದುಹೋಗಿದೆ. 2034 ದೂರವಿಲ್ಲ, ಕಾಲೇಜುಗಳೂ ಅಧಿಕಾರಿಗಳೂ ಇಂದೇ ಕೆಲಸಕ್ಕೆ ತೊಡಗಲಿ.