ಕೇಳಿ ಕೊಡುವ ದಾನ

ಶ್ರೀಮಂತ ದೇಶಗಳಲ್ಲಿ ಉಳಿದ ಔಷಧ, ಉಪಕರಣಗಳನ್ನು ಬಡ ದೇಶಗಳ ಆಸ್ಪತ್ರೆಗಳಿಗೆ ಕಳುಹಿಸುವುದು ಪುಣ್ಯದ ಕೆಲಸವೆಂದೇ ನಾವೆಲ್ಲರೂ ತಿಳಿದಿದ್ದೇವೆ. ಆದರೆ ಬೋಸ್ನಿಯಾ ಯುದ್ಧದ ಅನುಭವ ನಮ್ಮನ್ನು ಎಚ್ಚರಿಸುತ್ತದೆ. 1992ರಿಂದ 1996ರವರೆಗೆ ಅಲ್ಲಿಗೆ ದಾನವಾಗಿ ಬಂದ ಔಷಧಗಳಲ್ಲಿ ಸುಮಾರು 17,000 ಟನ್ ಉಪಯೋಗಕ್ಕೆ ಬಾರದವು ಎಂದು ಅಂದಾಜಿಸಲಾಯಿತು. ಯುದ್ಧದಿಂದ ನೊಂದ ಜನರ ಮೇಲೆ ಅವುಗಳ ವಿಲೇವಾರಿಯ ಹೊರೆಯೂ ಬಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲಿ ಔಷಧ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ದಾನವು ಪಡೆಯುವವರ ಅಗತ್ಯಕ್ಕೆ ಹೊಂದಬೇಕು, ಅವರ ಒಪ್ಪಿಗೆ ಇರಬೇಕು, ಔಷಧದ ಅವಧಿ ತಲುಪುವಾಗ ಕನಿಷ್ಠ ಒಂದು ವರ್ಷ ಉಳಿದಿರಬೇಕು ಎಂಬುದು ಅದರ ಸಾರ.

ಅಮೆರಿಕದ ಕೊಲೊರಾಡೋದಲ್ಲಿ 1987ರಲ್ಲಿ ಆರಂಭವಾದ ‘ಪ್ರಾಜೆಕ್ಟ್ ಕ್ಯೂರ್’ ಸೇವಾಸಂಸ್ಥೆಯ ಕ್ರಮ ಇಲ್ಲಿ ಗಮನಾರ್ಹ. ಸಾಮಗ್ರಿಯ ಕಂಟೇನರ್ ಹೊರಡುವ ಮೊದಲು ಅದರ ಪ್ರತಿನಿಧಿಗಳು ಆ ಆಸ್ಪತ್ರೆಗೆ ಹೋಗಿ ಅಲ್ಲಿನ ಅಗತ್ಯ, ಅನುಕೂಲಗಳನ್ನು ಪರಿಶೀಲಿಸುತ್ತಾರೆ. ಇದಕ್ಕೆ ಸಮಯ, ಹಣ ಎರಡೂ ತಗಲುತ್ತವೆ. ಆದರೆ ವಿದ್ಯುತ್ತಿಲ್ಲದ, ನಡೆಸಬಲ್ಲವರಿಲ್ಲದ ಕಡೆ ಇಳಿಸಿದ ಯಂತ್ರ ಒಬ್ಬ ರೋಗಿಯನ್ನೂ ಉಳಿಸದು.

ನಮ್ಮ ಧರ್ಮಕೇಂದ್ರಗಳಲ್ಲಿ ನೆರವು ಸಂಗ್ರಹಿಸುವವರೂ ಪೆಟ್ಟಿಗೆ ಕಟ್ಟುವ ಮುನ್ನ ಒಂದು ಮಾತು ಕೇಳಲಿ: ನಿಮಗೆ ಬೇಕಾಗಿರುವುದೇನು?