ಮನೆಯ ಮಾರ್ಜಕ: ಬಚ್ಚಲ ನೀರಿನ ಲೆಕ್ಕವೂ ಇರಲಿ

ಬಟ್ಟೆ ತೊಳೆಯುವ ಮಾರ್ಜಕವನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬೇಕೆಂಬ ಆಸಕ್ತಿ ಸ್ವಾಗತಾರ್ಹವಾದುದು. ಆದರೆ ಮೊದಲ ಸಲ ಇದಕ್ಕೆ ಕೈಹಾಕುವವರು ಖರ್ಚು ಎಷ್ಟು ಉಳಿಯಿತು, ಕೊಳೆ ಎಷ್ಟು ಹೋಯಿತು ಎಂಬುದನ್ನಷ್ಟೇ ನೋಡುತ್ತಾರೆ. ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವವರು ಕಡಿಮೆ. ಪಟ್ಟಣದ ಮನೆಯ ನೀರು ಚರಂಡಿ ಸೇರುತ್ತದೆ. ರೈತನ ಮನೆಯ ಬಚ್ಚಲ ನೀರು ಬಾಳೆಯ ಬುಡಕ್ಕೆ, ತೆಂಗಿನ ಪಾತಿಗೆ, ಕೈತೋಟಕ್ಕೆ ಹರಿಯುತ್ತದೆ. ಆದುದರಿಂದ ಮಾರ್ಜಕವನ್ನು ಆರಿಸುವಾಗ ಮಣ್ಣನ್ನೂ ಗಮನದಲ್ಲಿಡಬೇಕೆಂಬುದು ನನ್ನ ಅಭಿಪ್ರಾಯ.

ವಾಷಿಂಗ್ ಸೋಡಕ್ಕೆ ತುರಿದ ಸೋಪನ್ನು ಬೆರೆಸುವುದು ಹೆಚ್ಚು ಪ್ರಚಾರದಲ್ಲಿರುವ ವಿಧಾನ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವನ್ನು ಸೋಡ ತಳಕ್ಕಿಳಿಸುವುದರಿಂದ ಸೋಪು ಚೆನ್ನಾಗಿ ನೊರೆಯುತ್ತದೆ. ಈ ಗುಣ ನಿಜ. ಆದರೆ ವಾಷಿಂಗ್ ಸೋಡವೆಂದರೆ ಸೋಡಿಯಂ ಕಾರ್ಬೊನೇಟು. ಹಿಂದೆ ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಚೌಳು ಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದುದೂ ಇದೇ ಲವಣ. ಚೌಳು ಹಿಡಿದ ಜಮೀನಿನ ಗತಿಯನ್ನು ನೀವು ಬಲ್ಲಿರಿ. ಸೋಡಿಯಂ ಹೆಚ್ಚಿದಂತೆ ಮಣ್ಣಿನ ಕಣಗಳ ಕಟ್ಟು ಬಿಡುತ್ತದೆ, ನೀರು ಇಂಗುವುದಿಲ್ಲ, ಒಣಗಿದಾಗ ಮೇಲ್ಮೈ ಗಟ್ಟಿಯಾಗುತ್ತದೆ. ಹೊಲದ ಚೌಳನ್ನು ಸರಿಪಡಿಸಲು ಜಿಪ್ಸಂ ಹಾಕುವ ನಾವೇ ಹಿತ್ತಿಲಿಗೆ ದಿನವೂ ಸೋಡ ನೀರು ಬಿಡುವುದು ಸರಿಯೇ?

ಇದಕ್ಕಿಂತ ಅಂಟುವಾಳ ಮೇಲು. ಇದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತುವೇ ನೊರೆ ಕೊಟ್ಟು ಕೊಳೆ ಬಿಡಿಸುತ್ತದೆ. ಇದನ್ನು ಬಳಸಿದರೆ ಮಣ್ಣಿಗೆ ಹೊಸದಾಗಿ ಸೋಡಿಯಂ ಸೇರುವುದಿಲ್ಲ.

ತಯಾರಿಸುವ ಕ್ರಮ ಹೀಗಿದೆ: ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು 2 ಲೀಟರು ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ 20 ನಿಮಿಷ ಕುದಿಸಿ, ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಒಂದು ಬಕೆಟ್ ನೀರಿಗೆ ಒಂದು ದೊಡ್ಡ ಲೋಟದಷ್ಟು ಬೆರೆಸಿ, ಬಟ್ಟೆಗಳನ್ನು ಅರ್ಧ ಗಂಟೆ ನೆನೆಸಿ ಒಗೆಯಿರಿ. ಈ ರಸ ಬೇಗ ಹುಳಿಯುವುದರಿಂದ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಇದರ ಮಿತಿಗಳನ್ನೂ ಹೇಳಬೇಕು. ರೇಷ್ಮೆ, ಉಣ್ಣೆ ಮತ್ತು ದಿನಬಳಕೆಯ ಬಣ್ಣದ ಬಟ್ಟೆಗಳಿಗೆ ಅಂಟುವಾಳ ಉತ್ತಮ. ಬಿಳಿಯ ಬಟ್ಟೆಗೆ ಕಂದು ಛಾಯೆ ಬರಬಹುದು; ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಎಣ್ಣೆ, ಗ್ರೀಸಿನ ಕಲೆಗಳಿಗೆ ಇದರ ಶಕ್ತಿ ಸಾಲದು. ಅಂತಹ ಬಟ್ಟೆಗಳಿಗೆ ಸೋಡ ಮತ್ತು ಸೋಪನ್ನು ಹಿತವಾಗಿ ಬಳಸಿ, ಆ ನೀರನ್ನು ಮಾತ್ರ ತೋಟಕ್ಕೆ ಬಿಡದೆ ಬೇರೆ ಇಂಗುಗುಂಡಿಗೆ ಹರಿಸಿ. ಸೋಡವನ್ನು ರೇಷ್ಮೆಗೆ ಎಂದೂ ತಾಗಿಸಕೂಡದು. ಅಂಟುವಾಳದ ರಸ ಮೀನಿಗೆ ವಿಷ. ಮೀನು ಸಾಕಿದ ಹೊಂಡಕ್ಕೆ ಅದರ ನೀರು ಸೇರಬಾರದು.

ಪೀಡೆನಾಶಕ ಸಿಂಪಡಿಸುವಾಗ ತೊಟ್ಟ ಬಟ್ಟೆಯ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಅದನ್ನು ಮನೆಮಂದಿಯ ಬಟ್ಟೆಯೊಡನೆ ಸೇರಿಸದೆ, ಕೈಗವಸು ತೊಟ್ಟು, ಬಿಸಿನೀರು ಮತ್ತು ಅಂಗಡಿಯ ಪ್ರಬಲ ಮಾರ್ಜಕದಿಂದ ಅದೇ ದಿನ ತೊಳೆಯಿರಿ. ಇಲ್ಲಿ ಮನೆಯ ಮಾರ್ಜಕವನ್ನು ನಂಬಬೇಡಿ. ಆ ನೀರು ಬಾವಿ, ಕೆರೆಗಳ ಬಳಿ ಸುಳಿಯಕೂಡದು.

ಮಾರ್ಜಕ ಬೆರೆತ ಕೊಳಚೆ ನೀರು ಕೆರೆ ಸೇರಿದರೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿದೆ. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿತು. 2017ರಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಎದ್ದಿತು. ಹಳ್ಳಿಯ ಕೆರೆಗಳಿಗೆ ಆ ಸ್ಥಿತಿ ಬರುವ ಮುನ್ನ ನಾವು ಎಚ್ಚೆತ್ತುಕೊಳ್ಳಬೇಕು.

ಹೊಲದ ಬದುವಿನಲ್ಲಿ ಒಂದೆರಡು ಅಂಟುವಾಳದ ಸಸಿ ನೆಡಿ. ಫಲ ಬರಲು ಹಲವು ವರ್ಷ ಬೇಕಾದರೂ, ಒಮ್ಮೆ ಬಿಡತೊಡಗಿದ ಮರ ಮನೆಯ ಅಗತ್ಯವನ್ನು ಬಹುಕಾಲ ಪೂರೈಸುತ್ತದೆ. ಅಲ್ಲಿಯವರೆಗೆ ಸಂತೆಯಿಂದ ಕಾಯಿ ತಂದು ಈ ವಾರವೇ ಒಂದು ಬಕೆಟ್ ಬಟ್ಟೆ ಒಗೆದು ನೋಡಿ.