ಬೆರಳಿಲ್ಲದ ನೌಕರನ ಬೀಗ

ಸಿಂಧನೂರಿನ ರೈತ ಬೆಳೆಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಪಹಣಿಯನ್ನು. ಲಿಂಗಸುಗೂರು, ಮಸ್ಕಿಗಳಲ್ಲಿಯೂ ಇದೇ ಮಾತು. ಒಂದು ಕಾಲಕ್ಕೆ ಈ ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. 2000ನೇ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ತಾಲ್ಲೂಕು ಕಚೇರಿಗಳ ಕಂಪ್ಯೂಟರುಗಳನ್ನು ಸೇರಿದವು.

ಪುಸ್ತಕವನ್ನು ತಿದ್ದಿದರೆ ಶಾಯಿ ಹೇಳುತ್ತದೆ, ಅಕ್ಷರ ಹೇಳುತ್ತದೆ. ಕಂಪ್ಯೂಟರಿನಲ್ಲಿ ತಿದ್ದಿದವರು ಯಾರೆಂದು ತಿಳಿಯುವುದು ಹೇಗೆ? ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಿ, ನಾಳೆ ‘ನಾನಲ್ಲ’ ಎಂದುಬಿಡಬಹುದು. ಆದ್ದರಿಂದ ‘ಭೂಮಿ’ಯಲ್ಲಿ ನೌಕರರು ಬೆರಳಿನ ಗುರುತು ಒತ್ತಿ ಒಳಗೆ ಹೋಗುವ ಏರ್ಪಾಡು ಮಾಡಲಾಯಿತು. ಬೆರಳನ್ನು ಸಾಲ ಕೊಡಲು ಬರುವುದಿಲ್ಲವಲ್ಲ!

ಆದರೆ ಇಂದಿನ ದೊಡ್ಡ ಕಂಪನಿಗಳ ಕಂಪ್ಯೂಟರ್ ಜಾಲದಲ್ಲಿ ಬೆರಳೇ ಇಲ್ಲದ ನೌಕರರೂ ಇದ್ದಾರೆ. ಅವರು ಮನುಷ್ಯರಲ್ಲ, ಪ್ರೋಗ್ರಾಂಗಳು. ರಾತ್ರಿ ಲೆಕ್ಕಪತ್ರಗಳ ನಕಲು ತೆಗೆದಿಡುವುದು, ಸಂಬಳದ ಪಟ್ಟಿ ಸಿದ್ಧಪಡಿಸುವುದು ಇವುಗಳ ಕೆಲಸ. ಒಳಗೆ ಹೋಗಲು ಇವುಗಳಿಗೂ ಹೆಸರು, ಪಾಸ್‌ವರ್ಡ್ ಬೇಕು. ಇದಕ್ಕೆ ‘ಸರ್ವಿಸ್ ಅಕೌಂಟ್’, ಅಂದರೆ ಸೇವಾ ಖಾತೆ ಎಂದು ಹೆಸರು. ಯಾರೋ ಒಬ್ಬರು ಮೊದಲ ದಿನ ಸುಲಭವಾದ ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಅವರಿಗೆ ವರ್ಗವಾಗುತ್ತದೆ. ಬದಲಿಸಿದರೆ ಕೆಲಸ ನಿಂತೀತೆಂಬ ಭಯದಿಂದ ಉಳಿದವರು ಅದನ್ನು ಮುಟ್ಟುವುದಿಲ್ಲ. ಸಾಲದ್ದಕ್ಕೆ, ಅನುಕೂಲವಾಗಲೆಂದು ಅದಕ್ಕೆ ಅಗತ್ಯಕ್ಕಿಂತ ಹೆಚ್ಚಿನ ಅಧಿಕಾರವನ್ನೂ ಕೊಟ್ಟಿರುತ್ತಾರೆ.

ವಿಂಡೋಸ್ ಜಾಲಗಳಲ್ಲಿ ಬಾಗಿಲು ಕಾಯುವ ವ್ಯವಸ್ಥೆಯ ಹೆಸರು ‘ಕರ್ಬರೋಸ್’. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರಿದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1980ರ ದಶಕದಲ್ಲಿ ಇದು ರೂಪುಗೊಂಡಿತು. ಜಾಲದೊಳಗಿನ ಯಾವ ನೌಕರನಾದರೂ ಒಂದು ಸೇವೆಗಾಗಿ ಕರ್ಬರೋಸ್‌ನಿಂದ ಚೀಟಿ ಪಡೆಯಬಹುದು. ಆ ಚೀಟಿಗೆ ಬೀಗವಿರುತ್ತದೆ. ಬೀಗದ ಕೈ ತಯಾರಾಗುವುದು ಆ ಸೇವಾ ಖಾತೆಯ ಪಾಸ್‌ವರ್ಡಿನಿಂದಲೇ.

ತೊಡಕು ಇರುವುದು ಇಲ್ಲಿಯೇ. ಬಾಗಿಲಲ್ಲಿ ನಿಂತು ಐದಾರು ಬಾರಿ ತಪ್ಪು ಪಾಸ್‌ವರ್ಡ್ ಒತ್ತಿದರೆ ಬಾಗಿಲು ಮುಚ್ಚಿಕೊಳ್ಳುವಂತೆ ಮಾಡಬಹುದು. ಚೀಟಿಯನ್ನು ಮನೆಗೆ ಒಯ್ದವನನ್ನು ತಡೆಯುವವರಿಲ್ಲ. ಸೂಟ್‌ಕೇಸಿನ ಮೂರಂಕಿಯ ಬೀಗವನ್ನು 000ದಿಂದ 999ರವರೆಗೆ ತಿರುಗಿಸುವಂತೆ ಅವನು ಒಂದೊಂದೇ ಊಹೆಯನ್ನು ಕಂಪ್ಯೂಟರಿನಿಂದ ಪರೀಕ್ಷಿಸುತ್ತಾನೆ. ಈ ದಾರಿಯನ್ನು 2014ರಲ್ಲಿ ಟಿಮ್ ಮೆಡಿನ್ ಎಂಬ ಅಮೆರಿಕದ ತಜ್ಞರು ಬಹಿರಂಗವಾಗಿ ತೋರಿಸಿಕೊಟ್ಟರು. ‘ಕರ್ಬರೋಸ್ಟಿಂಗ್’ ಎಂದು ಅದಕ್ಕೆ ಹೆಸರಾಯಿತು.

ಲೆಕ್ಕ ಹಾಕಿ ನೋಡಿ. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ ಎಂಟು ಅಕ್ಷರದ ಪಾಸ್‌ವರ್ಡುಗಳು ಎಷ್ಟಾಗುತ್ತವೆ? 26ನ್ನು ಎಂಟು ಸಲ ಇಟ್ಟು ಗುಣಿಸಿದರೆ ಸುಮಾರು 20,882 ಕೋಟಿ. ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರವಿದೆ ಎಂದುಕೊಂಡರೆ ಮೂರೂವರೆ ನಿಮಿಷದಲ್ಲಿ ಎಲ್ಲವೂ ಮುಗಿಯುತ್ತವೆ. ಅದೇ ಹದಿನಾರು ಅಕ್ಷರಗಳಾದರೆ ಸುಮಾರು 13 ಲಕ್ಷ 80 ಸಾವಿರ ವರ್ಷ ಬೇಕು! ಅಕ್ಷರಗಳು ಎರಡು ಪಟ್ಟಾದರೆ ಕಷ್ಟ ಎರಡು ಪಟ್ಟಲ್ಲ. ಆದರೆ ಊರಿನ ಹೆಸರಿನ ಮುಂದೆ 123 ಸೇರಿಸಿದ್ದರೆ ಈ ಲೆಕ್ಕ ನಡೆಯದು. ಅಂಥವನ್ನೇ ಊಹೆಗಾರ ಮೊದಲು ನೋಡುತ್ತಾನೆ.

ಕಳ್ಳನಿಗಿಂತ ಮೊದಲೇ ಇಂಥ ಬೀಗಗಳನ್ನು ಹುಡುಕಿಕೊಡಲು ಕಂಪನಿಗಳು ಪರೀಕ್ಷಕರನ್ನು ನೇಮಿಸುತ್ತವೆ. ಪರಿಹಾರವೂ ಇದೆ. ಯಂತ್ರವೇ ಉದ್ದವಾದ ಪಾಸ್‌ವರ್ಡ್ ರಚಿಸಿಕೊಂಡು, ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಬದಲಿಸಿಕೊಳ್ಳುವ ಸೌಲಭ್ಯ ವಿಂಡೋಸ್ ಸರ್ವರ್ 2008 ಆರ್2ರಲ್ಲಿ ಬಂದಿತು. ಖಾತೆಗೆ ಬೇಕಾದಷ್ಟೇ ಅಧಿಕಾರ ಕೊಡುವುದು ಇನ್ನೊಂದು ಉಪಾಯ.

ಪರೀಕ್ಷಕನಾಗುವುದು ಗಣಿತ ಬಲ್ಲ ವಿದ್ಯಾರ್ಥಿಗಳಿಗೆ ಒಳ್ಳೆಯ ಉದ್ಯೋಗ. ಆದರೆ ಮಾಲೀಕರ ಲಿಖಿತ ಅನುಮತಿ ಇರಲೇಬೇಕು. ದುರುದ್ದೇಶದಿಂದ ಅನುಮತಿಯಿಲ್ಲದೆ ಪರರ ಕಂಪ್ಯೂಟರಿಗೆ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಗುವಿನ ಹೆಸರು, ಹುಟ್ಟಿದ ವರ್ಷವನ್ನೇ ಪಾಸ್‌ವರ್ಡ್ ಮಾಡಿಕೊಂಡಿರುವ ತಂದೆತಾಯಿಗಳೂ ಒಮ್ಮೆ ಯೋಚಿಸಬೇಕು.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಪತ್ತೆಯಾಯಿತು. ಎರಡು ಸಾವಿರ ವರ್ಷ ದಾಟಿಯೂ ಅಕ್ಷರ ಅಳಿದಿರಲಿಲ್ಲ. ಶಾಸನಕ್ಕೆ ಅದು ಭೂಷಣ, ಪಾಸ್‌ವರ್ಡಿಗಲ್ಲ.